ನಾನು ತುಂಬಿದ ತೋಟಾ, ಎಲ್ರಾಯ್ ಹೊಡೆದ ಹುಂಜ

ಲಾರ್ವಿಕ್ ಊರಿನಲ್ಲಿ ನನ್ನ ಬಗ್ಗೆ ಎರಡು ಮಾತನ್ನು ಎಲ್ಲರೂ ಒಪ್ಪುತ್ತಾರೆ. ಕೈಯಿಂದ ತೋಟಾ ತುಂಬುವುದರಲ್ಲಿ ಆರ್ವಿಡ್ ಹಾಗ್ಲಂಡ್‌ನನ್ನು ಮೀರಿಸುವವರು ಸುತ್ತಮುತ್ತ ಇಲ್ಲ. ಆ ತೋಟಾವನ್ನು ಕೋವಿಗೆ ಹಾಕಿ ಹೊಡೆಯುವುದರಲ್ಲಿ ಅವನಿಗಿಂತ ಕಡೆಯವರೂ ಇಲ್ಲ. ಮೊದಲನೆಯದನ್ನು ಜನ ನನ್ನ ಎದುರಿಗೆ ಹೇಳುತ್ತಾರೆ. ಎರಡನೆಯದನ್ನೂ ಎದುರಿಗೇ ಹೇಳುತ್ತಾರೆ. ಸೌತ್ ಡಕೋಟಾದ ಬಯಲಿನಲ್ಲಿ ಮರೆ ಅನ್ನುವುದೇ ಇಲ್ಲದ ಮೇಲೆ ಮರೆಯಲ್ಲಿ ಆಡಿಕೊಳ್ಳುವುದಾದರೂ ಹೇಗೆ?

ಹೊಟ್ಟೆಪಾಡಿಗೆ ನಾನು ಊರಿನ ಧಾನ್ಯದ ಗೋದಾಮಿನಲ್ಲಿ ಲಾರಿ ತೂಗುತ್ತಿದ್ದೆ. ಹಗಲೆಲ್ಲ ಟನ್ನುಗಟ್ಟಲೆ ಮೆಕ್ಕೆಜೋಳ, ಗೋಧಿ, ಸೋಯಾ. ಮನೆಗೆ ಬಂದರೆ ನೆಲಮಾಳಿಗೆಯಲ್ಲಿ ಅಂಗೈಯಗಲದ ತಕ್ಕಡಿ ಇಟ್ಟುಕೊಂಡು ಮದ್ದಿನ ಪುಡಿ. ಮದ್ದನ್ನು ತೂಗುವ ಲೆಕ್ಕಕ್ಕೆ ಹಳೆಯ ಕಾಲದಿಂದ 'ಗ್ರೇನ್' ಎಂದೇ ಹೆಸರು. ಎಂದರೆ ಒಂದು ಕಾಳು. ಹಾಗಾಗಿ ಜೀವನವಿಡೀ ನಾನು ತೂಗಿದ್ದು ಕಾಳನ್ನೇ, ಅಷ್ಟಿಷ್ಟು ಹೆಚ್ಚುಕಡಿಮೆ ಅಷ್ಟೆ. ಲಾರಿ ತೂಗುವಾಗ ಡ್ರೈವರ್ ಒಳಗೆ ಕೂತಿದ್ದಾನೋ ಇಳಿದಿದ್ದಾನೋ ನೋಡಲು ಮರೆಯುತ್ತಿದ್ದ ಇದೇ ಮನುಷ್ಯ ಮನೆಯಲ್ಲಿ ಅರ್ಧ ಕಾಳು ಮದ್ದಿಗಾಗಿ ಉಸಿರು ಬಿಗಿಹಿಡಿದು ಕೂರುತ್ತಿದ್ದ. ನಾನು ಉಸಿರು ಬಿಟ್ಟರೆ ತಕ್ಕಡಿಯ ಮುಳ್ಳು ಅಲ್ಲಾಡುತ್ತಿತ್ತು. ಮೆಟ್ಟಿಲ ಮೇಲಿಂದ ಹೆಂಡತಿ ಊಟಕ್ಕೆ ಕರೆದರೆ ಉತ್ತರ ಕೊಡುವ ಹಾಗಿರಲಿಲ್ಲ. "ಬದುಕಿದೀಯಾ ಕೆಳಗೆ?" ಎಂದು ಮಾರ್ಡೆಲ್ ಕೂಗುತ್ತಿದ್ದಳು. ಮುಳ್ಳು ನಿಂತ ಮೇಲೆ "ಇದೀನಿ" ಎನ್ನುತ್ತಿದ್ದೆ. ಅಷ್ಟರಲ್ಲಿ ಸಾರು ಆರಿರುತ್ತಿತ್ತು.

ಈ ಹುಚ್ಚು ನನಗೆ ತಾನಾಗಿ ಹಿಡಿದದ್ದಲ್ಲ, ಮಾವ ಹಿಡಿಸಿದ್ದು. ಮಾರ್ಡೆಲ್‌ಳ ಅಪ್ಪ ಗಾಟ್ಲೀಬ್ ಮೆಟ್ಲರ್ ಮದುವೆಯ ದಿನ ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರ ಮುಂದೆ ತನ್ನ ಅಪ್ಪನ ಕಾಲದ ಬಂದೂಕನ್ನು ನನ್ನ ಕೈಗಿಟ್ಟ. ಜನ ಚಪ್ಪಾಳೆ ತಟ್ಟಿದರು. ನಾನು ಕಣ್ಣೊರೆಸಿಕೊಂಡೆ. ಮಾರನೆಯ ವಾರ ತೋಟಾ ಕೊಳ್ಳಲು ಅಂಗಡಿಗೆ ಹೋದಾಗ ಅಂಗಡಿಯವನು, ಸತ್ತುಹೋದ ಕುದುರೆಗೆ ಹುಲ್ಲು ಕೇಳಲು ಬಂದವನನ್ನು ನೋಡುವ ಹಾಗೆ ನನ್ನನ್ನು ನೋಡಿದ. ಆ ಬಂದೂಕಿನ ತೋಟಾ ತಯಾರಿಸುವುದನ್ನು ಕಾರ್ಖಾನೆಗಳು ನಾನು ಹುಟ್ಟುವ ಮುಂಚೆಯೇ ನಿಲ್ಲಿಸಿದ್ದವಂತೆ.

ನೇರವಾಗಿ ಮಾವನ ಮನೆಗೆ ಹೋದೆ.

"ಮಾವ, ಇದಕ್ಕೆ ತೋಟಾನೇ ಸಿಗಲ್ವಂತೆ."

"ಗೊತ್ತು."

"ಗೊತ್ತಿದ್ದೂ ಯಾಕೆ ಕೊಟ್ರಿ?"

"ಮಗಳನ್ನೂ ಕೊಟ್ಟಿದೀನಲ್ಲ? ಅವಳಿಗೆ ಊಟ ಹಾಕ್ತೀನಿ ಅಂತ ಪಾದ್ರಿಗಳ ಮುಂದೆ ಹೇಳಿದ್ಯಲ್ಲ? ಇದಕ್ಕೂ ಹಾಕು. ನೋಡೋಣ ನಿನ್ನ ಯೋಗ್ಯತೆ."

ಹೀಗೆ ಶುರುವಾಯಿತು. ಬೇರೆ ಬಂದೂಕಿನ ಖಾಲಿ ಹಿತ್ತಾಳೆ ತೋಟಾಗಳನ್ನು ಹೆಕ್ಕಿ ತಂದು, ಕೊಯ್ದು, ಅಚ್ಚಿನೊಳಗೆ ಒತ್ತಿ, ಹಳೆಯ ಬಂದೂಕಿನ ಬಾಯಿಗೆ ಹೊಂದುವ ಹಾಗೆ ಮಾಡುವುದನ್ನು ಕಲಿತೆ. ಬಹಳಷ್ಟು ಒತ್ತುವಾಗಲೇ ಸುಕ್ಕಾಗಿ, ಯಾರೋ ಕೂತ ಟೋಪಿಯ ಹಾಗಾದವು. ಕೊನೆಗೊಂದು ದಿನ ಕೆಲವು ಸರಿಯಾಗಿ ಬಂದವು. ಮಾವನನ್ನು, ಮಾರ್ಡೆಲ್‌ಳನ್ನು ಕರೆದುಕೊಂಡು ಹೊಲದ ಅಂಚಿಗೆ ಹೋದೆ. ಗುರಿ ಹಲಗೆ ನಿಲ್ಲಿಸಿ, ಎದೆಯುಬ್ಬಿಸಿ ಬಂದೂಕಿನ ಕುದುರೆ ಎಳೆದೆ.

'ಟುಸ್' ಎಂದಿತು.

ಮದ್ದಿಗೆ ಕಿಡಿ ಕೊಡುವ ಕೇಪು ಮಾತ್ರ ಸಿಡಿದಿತ್ತು. ಗುಂಡು ನಳಿಗೆಯ ನಡುವೆ ಹೋಗಿ ಕೂತಿತ್ತು. ಗುಂಡು, ಕೇಪು, ಹಿತ್ತಾಳೆ ಎಲ್ಲವನ್ನೂ ನೂಲೆಳೆಯಷ್ಟೂ ತಪ್ಪದಂತೆ ಜೋಡಿಸಿದ್ದ ನಾನು ಒಳಗೆ ಮದ್ದು ಹಾಕುವುದನ್ನೇ ಮರೆತಿದ್ದೆ.

ಮಾವ ಖಾಲಿ ತೋಟಾವನ್ನು ಹೊರಗೆಳೆದು ಮೂಸಿ ನೋಡಿದ. ಆಮೇಲೆ ತಣ್ಣಗೆ ಕೇಳಿದ: "ಮದ್ದು ಹಾಕೋದು ಈಗ ಹಳೇ ಫ್ಯಾಷನ್ ಆಗಿದ್ಯಾ, ಅಳಿಯಂದ್ರೇ?"

ಆ ಭಾನುವಾರವೆಲ್ಲ ನಳಿಗೆಯೊಳಗೆ ಸಲಾಕೆ ಹಾಕಿ ಗುಂಡನ್ನು ಹೊರದಬ್ಬುವುದರಲ್ಲಿ ಕಳೆಯಿತು. ಅಂದಿನಿಂದ ಒಂದು ಅಭ್ಯಾಸ ಅಂಟಿಕೊಂಡಿತು: ಪ್ರತಿಯೊಂದು ತೋಟಾದ ಒಳಗೂ ಟಾರ್ಚ್ ಬಿಟ್ಟು ನೋಡದೆ ಮುಚ್ಚುವುದಿಲ್ಲ. ಈಗ ಕಾಫಿ ಲೋಟದೊಳಕ್ಕೂ ಹಾಗೇ ಇಣುಕಿ ನೋಡಿ ಕುಡಿಯುತ್ತೇನಂತೆ. ಮಾರ್ಡೆಲ್ ಹೇಳುತ್ತಾಳೆ.

ನನ್ನ ತೋಟಾದಿಂದ ಮೊದಲ ಜಿಂಕೆ ಬಿದ್ದದ್ದು ಮುಂದಿನ ನವೆಂಬರಿನಲ್ಲಿ. ಹೊಡೆದವಳು ಮಾರ್ಡೆಲ್. ಅದೇ ಬೆಳಗ್ಗೆ, ಅದೇ ಬಂದೂಕಿನಿಂದ, ಅದೇ ಜಿಂಕೆಗೆ ನಾನೂ ಹೊಡೆದಿದ್ದೆ. ಜಿಂಕೆ ತಲೆಯೆತ್ತಿ ಸದ್ದು ಬಂದ ಕಡೆ ನೋಡಿ ಮತ್ತೆ ಮೇಯತೊಡಗಿತ್ತು. ಮಾರ್ಡೆಲ್ ಬಂದೂಕನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಒಂದೇ ಈಡಿಗೆ ಕೆಡವಿದಳು. "ನಿನ್ನ ತೋಟಾ ಚೆನ್ನಾಗಿದೆ ಆರ್ವಿಡ್" ಎಂದಳು. ಮಕ್ಕಳು ಗೋಡೆಯ ಮೇಲೆ ಗೀಚಿದ ಚಿತ್ರವನ್ನು ಹೊಗಳುವ ದನಿ ಅದು.

ನನ್ನ ರೋಗ ಏನೆಂದು ಎಲ್ಲರಿಗೂ ಗೊತ್ತು. ಕುದುರೆ ಎಳೆಯುವ ಹೊತ್ತಿಗೆ ನನ್ನ ಎರಡೂ ಕಣ್ಣು ಮುಚ್ಚಿಕೊಳ್ಳುತ್ತವೆ. ಒಂದು ಕಣ್ಣು ಮುಚ್ಚುವುದು ಲೋಕರೂಢಿ. ಎರಡನ್ನೂ ಮುಚ್ಚುವುದು ನನ್ನದೇ ಸಂಶೋಧನೆ. ಇಷ್ಟು ವರ್ಷ ನಾನು ದೂರಿದ್ದು ಮಾತ್ರ ಗಾಳಿಯನ್ನು. ನಮ್ಮ ಬಯಲಿನಲ್ಲಿ ನೆಪ ಹೇಳಬೇಕೆಂದರೆ ಗಾಳಿಗೆ ಎಂದೂ ಬರವಿಲ್ಲ.

ಇಷ್ಟಾದರೂ ಕೆಲಸ ಕೈಹತ್ತಿತು. ಹಿತ್ತಾಳೆ ತಿಕ್ಕಲು ಅಕ್ರೋಟಿನ ಸಿಪ್ಪೆ ತುಂಬಿದ ಡಬ್ಬಿಯೊಂದು ದಿನವಿಡೀ ನೆಲಮಾಳಿಗೆಯಲ್ಲಿ ಗರಗರ ತಿರುಗುತ್ತಿತ್ತು. ಮೇಲೆ ಕುಳಿತ ನೆಂಟರು "ನಿಮ್ಮ ಹೀಟರ್ ಕೆಟ್ಟಿದೆ" ಎಂದು ಎಚ್ಚರಿಸುತ್ತಿದ್ದರು. ಮಾರ್ಡೆಲ್‌ಳ ಉಪ್ಪಿನಕಾಯಿ ಜಾಡಿಗಳ ಸಾಲಿನ ಪಕ್ಕದಲ್ಲೇ ನನ್ನ ಕೇಪು, ಗುಂಡುಗಳ ಸಾಲು. ಅವಳ ಬಿಸ್ಕತ್ತಿನ ತಟ್ಟೆಯಲ್ಲಿ ತೊಳೆದ ಹಿತ್ತಾಳೆ ಒಣಗಿಸಿದ್ದಕ್ಕೆ ಒಂದು ಚಳಿಗಾಲವಿಡೀ ಬಿಸ್ಕತ್ತು ಸಿಗಲಿಲ್ಲ. ಅಜ್ಜನ ಕಾಲದ ಕೋವಿ ಅಟ್ಟದಲ್ಲಿ ಸಿಕ್ಕವರು, ಹೊಸ ಬಂದೂಕು ಕೊಂಡು ಅದಕ್ಕೆ ಒಪ್ಪುವ ತೋಟಾ ಬೇಕೆನ್ನುವವರು, ಎಲ್ಲರೂ ನಮ್ಮ ಹಿತ್ತಲ ಬಾಗಿಲಿಗೆ ಬರತೊಡಗಿದರು. ಶೂಟಿಂಗ್ ಪಂದ್ಯಗಳಲ್ಲಿ ನನ್ನ ತೋಟಾಗಳು ಬಹುಮಾನ ಗೆದ್ದವು, ಬೇರೆಯವರ ಕೈಯಲ್ಲಿ. ಅವರು ಹೊಡೆಯುತ್ತಿರುವಾಗ ನಾನು ಹಿಂದೆ ಮಂಡಿಯೂರಿ ಅವರ ಖಾಲಿ ತೋಟಾಗಳನ್ನು ಕೋಳಿಯ ಹಾಗೆ ಹೆಕ್ಕುತ್ತಿದ್ದೆ. ಪತ್ರಿಕೆಯಲ್ಲಿ ಬಂದ ನನ್ನ ಒಂದೇ ಒಂದು ಫೋಟೋ ಅದು. ಗೆದ್ದವನ ಕಾಲ ಸಂದಿಯಲ್ಲಿ ನನ್ನ ಬೆನ್ನು ಕಾಣುತ್ತದೆ.

ನನ್ನನ್ನು ಗೇಲಿ ಮಾಡುವ ಕೆಲಸವನ್ನು ಇಡೀ ಊರಿನ ಪರವಾಗಿ ವಹಿಸಿಕೊಂಡಿದ್ದವನು ಎಲ್ರಾಯ್ ನೋಡೆಲ್. ಹರಾಜು ಕೂಗುವುದು ಅವನ ಕಸುಬು. ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಗಂಟಲು. ಹಾರುವ ಹಕ್ಕಿಗೆ ಹೊಡೆಯುವುದರಲ್ಲಿ ಅವನಿಗೆ ಸಮನಿಲ್ಲ. ಸೆಪ್ಟೆಂಬರ್ ಬಂತೆಂದರೆ, ಅಕ್ಟೋಬರಿನಲ್ಲಿ ಶುರುವಾಗುವ ಫೆಸೆಂಟ್ ಎಂಬ ಕಾಡುಕೋಳಿಯ ಬೇಟೆಗೆಂದು, ಖಾಲಿ ತೋಟಾಗಳ ಪೆಟ್ಟಿಗೆ ಹೊತ್ತು ನಮ್ಮ ಮೆಟ್ಟಿಲಿಳಿದು ಬರುತ್ತಿದ್ದ.

"ಲೋ ಆರ್ವಿಡ್, ನೀನು ತುಂಬ್ತಾ ಇರು, ನಾನು ಖಾಲಿ ಮಾಡ್ತಾ ಇರ್ತೀನಿ. ಜೋಡಿ ಅಂದ್ರೆ ಹೀಗಿರ್ಬೇಕು ಕಣೋ."

"ಈ ಸಲ ನಾನೂ ಹುಂಜ ಹೊಡೀತೀನಿ, ನೋಡ್ತಿರು."

"ಹೊಡಿ, ಹೊಡಿ. ಪಾಪ, ಆ ಹಕ್ಕಿಗಳಿಗೂ ನಿರ್ಭಯವಾಗಿ ಹಾರೋಕ್ಕೆ ಒಂದು ಜಾಗ ಬೇಡ್ವಾ?"

ಒಮ್ಮೆ ಚರ್ಚಿನ ಛಾವಣಿ ರಿಪೇರಿಗೆಂದು ಹರಾಜು ನಡೆಯಿತು. ಎಲ್ರಾಯ್ ವೇದಿಕೆಯ ಮೇಲೆ ಬುಟ್ಟಿಯೊಂದನ್ನು ತಂದಿಟ್ಟು ಮುಚ್ಚಳ ತೆಗೆದ. ಒಳಗಿನಿಂದ ಜೀವಂತ ಫೆಸೆಂಟ್ ಹುಂಜವೊಂದು ಕತ್ತು ಹೊರಹಾಕಿತು. "ಇದನ್ನ ಆರ್ವಿಡ್ ಹಾಗ್ಲಂಡ್ ಸ್ವಂತ ಕೈಯಾರೆ ಹೊಡೆದಿದ್ದಾನೆ!" ಎಂದು ಕೂಗಿದ ಎಲ್ರಾಯ್. "ಆರೋಗ್ಯ ಚೆನ್ನಾಗಿದೆ! ಗ್ಯಾರಂಟಿ ಇದೆ! ಕೂಗಿ, ಕೂಗಿ!" ನೆರೆದವರು ಬೆಂಚು ಗುದ್ದಿ ನಕ್ಕರು. ಕೊನೆಗೆ ಅದನ್ನು ಕೊಂಡವಳು ಮಾರ್ಡೆಲ್. ಮನೆಗೆ ತಂದು ಹಿತ್ತಲಲ್ಲಿ ಬಿಟ್ಟಳು. ನನ್ನನ್ನು ಕಂಡರೆ ಅದಕ್ಕೂ ಭಯವಿರಲಿಲ್ಲ.

ಎಲ್ರಾಯ್ ಬಳಿ ಅವನ ಅಜ್ಜನ ಜೋಡಿ ನಳಿಗೆ ಕೋವಿಯೊಂದಿತ್ತು. ಕಬ್ಬಿಣದ ಪಟ್ಟಿಗಳನ್ನು ಜಡೆಯ ಹಾಗೆ ಹೆಣೆದು ಮಾಡಿದ ನಳಿಗೆ. ಈಗಿನ ಮದ್ದು ಹಾಕಿದರೆ ಸೀಳಿಹೋಗುತ್ತದೆ. ಹೊಗೆ ಕಾರುವ ಹಳೆಯ ಕರಿಮದ್ದೇ ಆಗಬೇಕು. ಪ್ರತಿ ವರ್ಷ ಬೇಟೆ ಶುರುವಾಗುವ ದಿನ ಮೊದಲ ಈಡನ್ನು ಆ ಕೋವಿಯಿಂದಲೇ ಹೊಡೆಯುವುದು ಅವನ ಪದ್ಧತಿ. ಅದಕ್ಕೆ ಬೇಕಾದ ಹಿತ್ತಾಳೆ ತೋಟಾ ಮಾಡಿಕೊಡುವುದು ನನ್ನ ಪಾಲಿನ ಸೇವೆ. ಆ ಕೋವಿಯನ್ನು ತೋಟಾ ಹಾಕದೆ ಹಿಡಿದುಕೊಳ್ಳಲು ನನಗೂ ಬಿಡುತ್ತಿದ್ದ.

ಒಂದು ವರ್ಷ ಮಾರ್ಚಿನಲ್ಲಿ ಎಲ್ರಾಯ್ ಟ್ರ್ಯಾಕ್ಟರ್ ಹರಾಜೊಂದನ್ನು ಮುಗಿಸಿ, ಕಾಫಿ ತನ್ನಿ ಎಂದು ಕುಳಿತವನು ಕಾಫಿ ಬರುವ ಮುಂಚೆಯೇ ಹೋಗಿಬಿಟ್ಟ. ಊರಿಗೆ ಊರೇ ಕಿವುಡಾದ ಹಾಗಾಯಿತು. ಕೆಫೆಯಲ್ಲಿ ಅವನು ಕೂರುತ್ತಿದ್ದ ಕುರ್ಚಿಯಲ್ಲಿ ಯಾರೂ ಕೂರುತ್ತಿರಲಿಲ್ಲ. ನನ್ನನ್ನು ಯಾರೂ ಗೇಲಿ ಮಾಡುತ್ತಿರಲಿಲ್ಲ. ಇಷ್ಟು ವರ್ಷ ಯಾವುದು ನಿಲ್ಲಲಿ ಎಂದು ಬೇಡಿಕೊಂಡಿದ್ದೆನೋ ಅದು ನಿಂತ ಮೇಲೆ ಕೆಫೆಗೆ ಹೋಗುವುದೇ ಬೇಡವಾಯಿತು.

ಬೇಸಿಗೆ ಮುಗಿಯುವ ಹೊತ್ತಿಗೆ ಅವನ ಹೆಂಡತಿ ಬರ್ನಡೀನ್ ನಮ್ಮ ಮನೆಗೆ ಬಂದಳು. ಕೈಯಲ್ಲಿ ಮುಚ್ಚಳಕ್ಕೆ ಟೇಪು ಸುತ್ತಿದ ಕಾಫಿ ಡಬ್ಬಿ. ಅಡುಗೆಮನೆಯ ಮೇಜಿನ ಮೇಲೆ ಮಾರ್ಡೆಲ್ ಮಾಡಿದ್ದ ಕೇಕಿನ ಪಕ್ಕದಲ್ಲಿ ಅದನ್ನಿಟ್ಟು ಕುಳಿತಳು.

"ಕಾಫಿ ಪುಡಿ ತರೋದು ಯಾಕೆ ಬೇಕಿತ್ತು ಬರ್ನಡೀನ್? ಮನೇಲಿ ಇದೆ" ಎಂದೆ.

"ಅದು ಎಲ್ರಾಯ್" ಎಂದಳು ಬರ್ನಡೀನ್.

ನಾನು ಡಬ್ಬಿಯಿಂದ ಕೈ ತೆಗೆದೆ.

"ಸುಟ್ಟ ಬೂದೀಲಿ ಅರ್ಧ ಅವನಪ್ಪನ ಪಕ್ಕ ಹೂತಾಗಿದೆ. ಇದು ಇನ್ನರ್ಧ. ಇದನ್ನ ತೋಟಾಕ್ಕೆ ತುಂಬಿ ಸೀಸನ್ ಶುರುವಿನ ದಿನ ನಮ್ಮ ಹೊಲದ ಮೇಲೆ ಹೊಡೀಬೇಕಂತೆ. ಹೋದ ವರ್ಷದಿಂದ ಹೇಳ್ತಾನೇ ಇದ್ದ. ತಮಾಷೆ ಅಂದ್ಕೊಂಡಿದ್ದೆ. ನೋಡಿದ್ರೆ ವಕೀಲರ ಹತ್ರಾನೂ ಹೇಳಿಟ್ಟಿದಾನೆ."

"ನಾನಾ ತುಂಬೋದು?"

"ಇನ್ಯಾರು? 'ಆರ್ವಿಡ್ ತುಂಬಿದ್ರೇನೇ ನಾನು ಹೋಗೋದು' ಅಂದ." ಬರ್ನಡೀನ್ ಡಬ್ಬಿಯ ಟೇಪನ್ನು ಒತ್ತಿ ಕೂರಿಸಿದಳು. "'ಆದ್ರೆ ಅವನಿಗೆ ಹೊಡೆಯೋಕ್ಕೆ ಮಾತ್ರ ಬಿಡಬೇಡ, ನಾನು ಪಕ್ಕದೂರಲ್ಲಿ ಹೋಗಿ ಬೀಳ್ತೀನಿ' ಅಂತಾನೂ ಅಂದ."

ಮೊದಲು ನಕ್ಕವಳೂ ಅವಳೇ, ಆಮೇಲೆ ಅತ್ತವಳೂ ಅವಳೇ. ಮಾರ್ಡೆಲ್ ಎದ್ದು ಹೋಗಿ ಅವಳ ಹೆಗಲ ಮೇಲೆ ಕೈಯಿಟ್ಟಳು. ನಾನು ಕಾಫಿ ಲೋಟದೊಳಗೆ ಇಣುಕಿ ನೋಡುತ್ತ ಕುಳಿತೆ.

ಬರ್ನಡೀನ್ ಹೊರಟ ಮೇಲೆ ಮಾರ್ಡೆಲ್ ಒಂದೇ ಮಾತು ಹೇಳಿದಳು: "ಚರೆ ಜೊತೆ ಬೆರೆಸ್ಬೇಡ. ಎಲ್ರಾಯ್ ಸೇರಿರೋ ಕೋಳೀನ ನಾನು ತಿನ್ನಲ್ಲ."

ಅದು ನ್ಯಾಯವಾಗಿಯೇ ಇತ್ತು. ಸೀಸದ ಸಣ್ಣ ಗುಂಡು, ಅಂದರೆ ಚರೆ, ಇರಬೇಕಾದ ಜಾಗದಲ್ಲಿ ಬರೀ ಎಲ್ರಾಯ್ ಇರಬೇಕೆಂದು ತೀರ್ಮಾನಿಸಿದೆ. ನೆಲಮಾಳಿಗೆಯಲ್ಲಿ ಎಲ್ಲವನ್ನೂ ಒರೆಸಿ, ಹೊಸ ಕಾಗದ ಹಾಸಿ, ಅಂಗಿ ಬದಲಿಸಿಕೊಂಡು ಬಂದು ಕುಳಿತೆ. ಯಾಕೆ ಬದಲಿಸಿದೆನೋ ಗೊತ್ತಿಲ್ಲ. ಗ್ರೀಸು ಮೆತ್ತಿದ ಅಂಗಿಯಲ್ಲಿ ಅವನನ್ನು ಮುಟ್ಟಲು ಮನಸ್ಸು ಬರಲಿಲ್ಲ. ಮದ್ದು ಹಾಕಿ, ಮೇಲೆ ರಟ್ಟಿನ ಬಿಲ್ಲೆ ಒತ್ತಿ, ಅದರ ಮೇಲೆ ಚಮಚದಿಂದ ಬೂದಿ. ಮದ್ದು ನೀರಿನ ಹಾಗೆ ಇಳಿಯುತ್ತದೆ. ಎಲ್ರಾಯ್ ಹಾಗೆ ಇಳಿಯಲಿಲ್ಲ. ಅಲ್ಲಲ್ಲಿ ಅಂಟಿಕೊಂಡ, ಅಂಚಿಗೆ ಮೆತ್ತಿಕೊಂಡ, ಚೂರು ಕಾಗದದ ಮೇಲೂ ಚೆಲ್ಲಿದ. ಚೆಲ್ಲಿದ್ದನ್ನು ಬಟ್ಟೆಯಿಂದ ಒರೆಸುವುದು ಹೇಗೆ? ಆಮೇಲೆ ಆ ಬಟ್ಟೆಯನ್ನು ಏನು ಮಾಡುವುದು? ಕೊನೆಗೆ ಹಕ್ಕಿಯ ಗರಿಯೊಂದರಿಂದ ಗುಡಿಸಿ ಕೊನೆಯ ತೋಟಾಕ್ಕೆ ಸೇರಿಸಿದೆ.

"ಸುಮ್ನಿರು, ಸುಮ್ನಿರು" ಎಂದು ಅವನಿಗೆ ಹೇಳುತ್ತಿದ್ದೆ. ಅವನು ಸುಮ್ಮನೇ ಇದ್ದ. ಅದನ್ನೇ ತಡೆಯಲಾಗಲಿಲ್ಲ.

ಬೂದಿಯ ತೋಟಾಗಳ ಬಾಯಿಗೆ ಕೆಂಪು ಮೇಣ ಹಾಕಿ ಮುಚ್ಚಿದೆ. ಅದೇ ಕೋವಿಗೆ ಮಾಮೂಲಿ ಚರೆ ತುಂಬಿದ ಕೆಲವನ್ನೂ ಮಾಡಿ ಅವಕ್ಕೆ ಬಿಳಿ ಮೇಣ ಹಾಕಿದೆ. ಕಾರ್ಯ ಮುಗಿದ ಮೇಲೆ ಅಂದಿನ ಬೇಟೆಗೆ ನೀನೇ ಆ ಕೋವಿ ಇಟ್ಟುಕೋ ಎಂದು ಬರ್ನಡೀನ್ ಹೇಳಿದ್ದಳು. ಕೆಂಪು ಎಡ ಜೇಬಿಗೆ, ಬಿಳಿ ಬಲ ಜೇಬಿಗೆ. ಇಷ್ಟು ಮುಂಜಾಗ್ರತೆ ವಹಿಸುವವನು ಲೋಕದಲ್ಲಿ ಇನ್ನೊಬ್ಬನಿರಲಾರ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಅಕ್ಟೋಬರಿನ ಆ ಶನಿವಾರ ಬೇಟೆ ಶುರುವಾಗುವುದು ನಡುಮಧ್ಯಾಹ್ನಕ್ಕೆ. ಹೊತ್ತಿಗೆ ಮುಂಚೆಯೇ ಎಲ್ರಾಯ್‌ನ ಜೋಳದ ಹೊಲದ ಅಂಚಿನಲ್ಲಿ ಬೇಟೆಗಾರರ ಕಿತ್ತಳೆ ಬಣ್ಣದ ಟೋಪಿಗಳು ಸೇರಿದ್ದವು. ಚರ್ಚಿನ ಹೆಂಗಸರು ಟ್ರಕ್ಕಿನ ಹಿಂಬದಿಯಲ್ಲಿ ಕಾಫಿ ಇಟ್ಟಿದ್ದರು. ಪಾದ್ರಿಗಳು ಚಿಕ್ಕದಾಗಿ ಪ್ರಾರ್ಥನೆ ಮಾಡಿದರು. ಎಲ್ರಾಯ್ ಬದುಕಿದ್ದಾಗ "ಬೇಗ ಮುಗಿಸಿ ಸ್ವಾಮಿ" ಎಂದು ಗದರುತ್ತಿದ್ದ ನೆನಪು ಅವರಿಗೂ ಇತ್ತು. ಅಂದು ಗಾಳಿ ಒಂದಿಷ್ಟೂ ಇರಲಿಲ್ಲ. ಹುಟ್ಟಿದಾಗಿನಿಂದ ಅಂಥ ದಿನ ನಾನು ಕಂಡಿಲ್ಲ. ನನ್ನ ಒಂದೇ ನೆಪವನ್ನೂ ದೇವರು ಕಿತ್ತುಕೊಂಡಿದ್ದ.

ಮೊದಲು ಬರ್ನಡೀನ್ ಹೊಡೆದಳು. ಕರಿಮದ್ದಿನ ಸದ್ದು ಈಗಿನದರ ಹಾಗೆ ಚಟ್ ಎನ್ನುವುದಿಲ್ಲ, ಗುಡುಗಿನ ಹಾಗೆ ಉರುಳುತ್ತದೆ. ಬಿಳಿ ಹೊಗೆ ಎದ್ದು ಹೊಲದ ಮೇಲೆ ನಿಂತಿತು. ಹೊಗೆ ಯಾವುದು ಎಲ್ರಾಯ್ ಯಾವುದು ತಿಳಿಯಲಿಲ್ಲ. ಟೋಪಿ ತೆಗೆದವರು ತೆಗೆದೇ ನಿಂತಿದ್ದರು. ಆಮೇಲೆ ಎಲ್ರಾಯ್‌ನ ತಮ್ಮ ಹಾರ್ಲನ್ ಹೊಡೆದ. ಹೀಗೆ ಕೋವಿ ಕೈಯಿಂದ ಕೈಗೆ ಹೋಯಿತು. ಪ್ರತಿಯೊಬ್ಬರಿಗೂ ಕೆಂಪು ತೋಟಾ ಕೊಡುವುದು ನನ್ನ ಕೆಲಸ. ಕೊನೆಯದೊಂದು ಉಳಿದಾಗ ಬರ್ನಡೀನ್ ಕೋವಿಯನ್ನು ನನ್ನ ಕಡೆ ಚಾಚಿದಳು.

"ಇದು ನಿಂದು, ಆರ್ವಿಡ್."

"ಬೇಡ ಅಂದಿದ್ದಾನಲ್ಲ ಅವನು?"

"ಬದುಕಿದ್ದಾಗ ಅವನ ಮಾತು ಎಷ್ಟು ಕೇಳಿದ್ನೋ ಈಗ್ಲೂ ಅಷ್ಟೇ ಕೇಳೋದು. ಹಿಡ್ಕೋ."

ಕೋವಿ ತೆಗೆದುಕೊಂಡೆ. ಕನ್ನಡಕ ಮಂಜಾಗಿತ್ತು, ಕಣ್ಣಿನದೋ ಚಳಿಯದೋ, ಅದು ಬೇರೆ ಮಾತು. ಜೇಬಿಗೆ ಕೈಹಾಕಿ ತೋಟಾ ತೆಗೆದು ನಳಿಗೆಗೆ ಹಾಕಿದೆ. ಜೋಳದ ದಂಟುಗಳ ಮೇಲಿನ ಬರೀ ಆಕಾಶಕ್ಕೆ ಎತ್ತಿ ಹಿಡಿದೆ. ಬಿಳಿ ಹಿಮದಂಥ ಮೋಡ, ನೀಲಿ, ಇನ್ನೇನೂ ಇಲ್ಲ. ತಪ್ಪುವ ಭಯವೇ ಇಲ್ಲದ ಒಂದು ಗುರಿ ಜೀವಮಾನದಲ್ಲಿ ಮೊದಲ ಬಾರಿ ಸಿಕ್ಕಿತ್ತು. ವಾಡಿಕೆಯಂತೆ ಎರಡೂ ಕಣ್ಣು ಮುಚ್ಚಿ ಕುದುರೆ ಎಳೆದೆ.

ಅದೇ ಗಳಿಗೆಗೆ ಎಲ್ರಾಯ್‌ನ ಮುದಿ ನಾಯಿ, ಇಷ್ಟು ಹೊತ್ತು ಬರ್ನಡೀನಳ ಕಾಲಬಳಿ ಮಲಗಿದ್ದದ್ದು, ಜೋಳದೊಳಗೆ ನುಗ್ಗಿತ್ತಂತೆ. ಪಟಪಟ ರೆಕ್ಕೆ ಬಡಿದ ಸದ್ದು ನನ್ನ ಕಿವಿಗೂ ಬಿತ್ತು. ಗುಡುಗಿತು. ಹೊಗೆ ಕವಿಯಿತು. ಹೊಗೆಯೊಳಗೆಲ್ಲೋ ಧಪ್ಪೆಂದು ಏನೋ ಬಿತ್ತು.

ಹೊಗೆ ತಿಳಿಯಾಗುವ ಹೊತ್ತಿಗೆ ನಾಯಿ ಬಾಯಲ್ಲಿ ಹುಂಜ ಕಚ್ಚಿಕೊಂಡು ಬಂತು. ದೊಡ್ಡ ಹುಂಜ, ಮೊಳದುದ್ದದ ಬಾಲ. ನಾಯಿ ನನ್ನ ಕಡೆ ತಿರುಗಿಯೂ ನೋಡದೆ ಬರ್ನಡೀನಳ ಪಾದದ ಮುಂದೆ ಅದನ್ನಿಟ್ಟು ಕುಳಿತಿತು.

"ಎಲ್ರಾಯ್ ಹೊಡೆದ!" ಎಂದು ಕಿರುಚಿದ ಹಾರ್ಲನ್. "ಸತ್ತ ಮೇಲೂ ಹೊಡೆದ ನಮ್ಮಣ್ಣ!"

ಟೋಪಿಗಳು ಮೇಲಕ್ಕೆ ಹಾರಿದವು. ಜನ ಒಬ್ಬರನ್ನೊಬ್ಬರು ತಬ್ಬಿಕೊಂಡರು. ನಾನು ಎಡ ಜೇಬು ಮುಟ್ಟಿ ನೋಡಿಕೊಂಡೆ. ಅಲ್ಲಿ ಒಂದು ತೋಟಾ ಇತ್ತು. ಹೊರಗೆ ತೆಗೆದೆ. ಕೆಂಪು ಮೇಣ.

"ಇಲ್ಲ, ಇಲ್ಲ! ನಿಲ್ಲಿ!" ಎಂದು ಕೂಗಿದೆ. "ಎಲ್ರಾಯ್ ಅಲ್ಲ, ನಾನೇ ಹೊಡೆದದ್ದು! ಜೇಬು ತಪ್ಪಿ ಚರೆಯ ತೋಟಾ ಹಾಕ್ಬಿಟ್ಟಿದೀನಿ! ನೋಡಿ, ಎಲ್ರಾಯ್ ಇನ್ನೂ ಇಲ್ಲೇ ಇದ್ದಾನೆ!"

ಪಾದ್ರಿಗಳು ಹತ್ತಿರ ಬಂದು ನನ್ನ ತೋಳು ಹಿಡಿದು ಮೆಲುದನಿಯಲ್ಲಿ ಹೇಳಿದರು: "ಆರ್ವಿಡ್, ಇವತ್ತೊಂದು ದಿನ ಆದ್ರೂ ಅವನಿಗೆ ಬಿಟ್ಕೊಡಪ್ಪ."

"ಬಿಟ್ಕೊಡೋದೇನು ಬಂತು, ನಿಜ ಹೇಳ್ತಿದೀನಿ!"

"ನೀನಾ? ಹಾರೋ ಹುಂಜಾನಾ?" ಹಾರ್ಲನ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಜೋಬಲ್ಲಿ ಒಂದು ಜಾಸ್ತಿ ಮಾಡಿ ಇಟ್ಕೊಂಡು ಬಂದಿದೀಯ. ಗೊತ್ತಾಗುತ್ತೆ ಬಿಡು. ಅಲ್ಲಯ್ಯಾ, ಸತ್ತವನ ಹಕ್ಕಿಗೂ ಪಾಲು ಕೇಳೋದಾ?"

ಮಾರ್ಡೆಲ್ ಕಡೆ ತಿರುಗಿದೆ. ಅವಳಾದರೂ ನಂಬುತ್ತಾಳೆ ಎಂದುಕೊಂಡೆ. ಅವಳು ನನ್ನನ್ನು, ಹುಂಜವನ್ನು, ಮತ್ತೆ ನನ್ನನ್ನು ನೋಡಿ, "ಚಳಿ ಜಾಸ್ತಿ ಇದೆ, ಟೋಪಿ ಹಾಕ್ಕೋ" ಎಂದಳು.

ಜೀವಮಾನದಲ್ಲಿ ನಾನು ಹೊಡೆದ ಒಂದೇ ಒಂದು ಹುಂಜ ಅದು. ಊರೆಲ್ಲ ಕಣ್ಣಾರೆ ಕಂಡಿತು. ಕಾಣದವನು ನಾನೊಬ್ಬನೇ. ಹೊಡೆದವನು ನಾನೆಂದು ನಂಬಿದವನೂ ನಾನೊಬ್ಬನೇ.

ಸಂಜೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಬರ್ನಡೀನ್ ಆ ಹುಂಜವನ್ನು ಅಣಬೆ ಮತ್ತು ಕೆನೆ ಹಾಕಿ ಬೇಯಿಸಿ ಮೇಜಿನ ನಡುವೆ ಇಟ್ಟಳು. ಎಲ್ಲರೂ ಬಂದು ನೋಡಿದರು, ಹೊಗಳಿದರು, ಪಕ್ಕದಲ್ಲಿದ್ದ ಹಂದಿ ಮಾಂಸವನ್ನು ಬಡಿಸಿಕೊಂಡು ಹೋದರು. ಬೂದಿ ತಗುಲಿ ಬಿದ್ದ ಹಕ್ಕಿಯನ್ನು ತಿನ್ನಲು ಯಾರಿಗೂ ಧೈರ್ಯವಿಲ್ಲ. "ಯಾಕೋ ಹೊಟ್ಟೆ ಭಾರ" ಎಂದ ಹಾರ್ಲನ್, ಮೂರನೆಯ ಸಲ ಆಲೂಗಡ್ಡೆ ಬಡಿಸಿಕೊಳ್ಳುತ್ತ. ನನಗೇನು ಭಯ? ಅದರೊಳಗೆ ಎಲ್ರಾಯ್ ಇಲ್ಲವೆಂದು ನನಗೆ ಗೊತ್ತಿತ್ತಲ್ಲ. ತಟ್ಟೆಗೆ ತೊಡೆಯನ್ನೇ ಹಾಕಿಕೊಂಡೆ. ಆಚೀಚೆಯವರು ಕುರ್ಚಿಯನ್ನು ಸ್ವಲ್ಪ ದೂರಕ್ಕೆ ಸರಿಸಿಕೊಂಡರು.

ಎರಡನೆಯ ತುತ್ತಿಗೆ ಕಟಕ್ ಎಂದಿತು. ಹಲ್ಲಿಗೆ ತುಂಬಿಸಿದ್ದ ಸಿಮೆಂಟು ಕಿತ್ತು ಬಂತು. ಅದರ ಜೊತೆಗೆ, ಸಾಸಿವೆಗಿಂತ ತುಸು ದಪ್ಪನೆಯ ಸೀಸದ ಚರೆ! ನೋವನ್ನೂ ಮರೆತು ಅದನ್ನು ಅಂಗೈಲಿಟ್ಟು ಮಾರ್ಡೆಲ್‌ಳ ಮೂಗಿನ ಕೆಳಗೆ ಹಿಡಿದೆ.

"ನೋಡು! ಚರೆ! ಬೂದೀಲಿ ಚರೆ ಬರುತ್ತಾ? ಈಗೇನಂತೀಯ?"

ಮಾರ್ಡೆಲ್ ಅದನ್ನು ಬೆರಳ ತುದಿಯಲ್ಲಿ ತೆಗೆದುಕೊಂಡು ದೀಪಕ್ಕೆ ಹಿಡಿದು ನೋಡಿದಳು. ನನ್ನ ಮುಖ ನೋಡಿದಳು. ಅವಳ ಮುಖದಲ್ಲಿ ಏನೋ ಬದಲಾದ ಹಾಗಾಯಿತು. ಮದುವೆಯಾದಾಗಿನಿಂದ ಆ ನೋಟವನ್ನು ನಾನು ಕಂಡಿರಲಿಲ್ಲ. "ಅಯ್ಯೋ ದೇವ್ರೇ, ನಿಜವಾಗ್ಲೂ ಹೊಡೆದಿದೀಯ" ಎಂದಳು ಪಿಸುದನಿಯಲ್ಲಿ.

ನಾನು ಎದ್ದು ನಿಂತು ಎಲ್ಲರಿಗೂ ಹೇಳಬೇಕೆಂದು ಹೊರಟೆ. ಅವಳು ಅಂಗಿಯ ತುದಿ ಹಿಡಿದು ಕೂರಿಸಿದಳು.

"ಅಲ್ಲಿ ನೋಡು."

ನಡುವಿನ ಮೇಜಿನ ಬಳಿ ಹಾರ್ಲನ್ ಕುರ್ಚಿಯ ಮೇಲೆ ನಿಂತು ಅಣ್ಣನ ಗಂಟಲನ್ನು ಅನುಕರಿಸುತ್ತ ಹುಂಜವನ್ನು ಹರಾಜು ಕೂಗುತ್ತಿದ್ದ. ಬರ್ನಡೀನ್ ನಗುತ್ತಿದ್ದಳು. ಬಾಯಿ ಮುಚ್ಚಿಕೊಳ್ಳದೆ, ಕಣ್ಣಲ್ಲಿ ನೀರು ಬರುವ ಹಾಗೆ, ಮೇಜು ಬಡಿದು ನಗುತ್ತಿದ್ದಳು. ಮಾರ್ಚಿನಿಂದೀಚೆಗೆ ಅವಳು ಹಾಗೆ ನಕ್ಕಿದ್ದನ್ನು ಯಾರೂ ನೋಡಿರಲಿಲ್ಲ.

ಮಾರ್ಡೆಲ್ ಚರೆಯನ್ನು ನನ್ನ ಅಂಗೈಗೆ ವಾಪಸು ಹಾಕಿ ಬೆರಳು ಮಡಚಿದಳು. "ನುಂಗ್ಬಿಡು" ಎಂದಳು.

ನಾನು ನುಂಗಲಿಲ್ಲ, ಸೀಸ ಹೊಟ್ಟೆಗೆ ಒಳ್ಳೆಯದಲ್ಲ. ಅಂಗಿಯ ಜೇಬಿಗೆ ಹಾಕಿಕೊಂಡೆ. ಅಂಗಿ ಒಗೆಯಲು ಹೋಗಿ ಮಷೀನಿನಲ್ಲಿ ಅದು ಕಳೆದುಹೋಯಿತು. ಹಲ್ಲಿನ ಡಾಕ್ಟರು ಏನು ಕಚ್ಚಿದಿರಿ ಎಂದು ಕೇಳಿದಾಗ "ಮೂಳೆ" ಎಂದೆ.

ಉಳಿದಿದ್ದ ಕೆಂಪು ತೋಟಾವನ್ನು ಮಾತ್ರ ಇಟ್ಟುಕೊಳ್ಳುವ ಹಾಗಿರಲಿಲ್ಲ. ಅದರೊಳಗೆ ಒಬ್ಬ ಮನುಷ್ಯನ ಸ್ವಲ್ಪ ಭಾಗ ಇತ್ತು. ಅದೂ ಗರಿಯಿಂದ ಗುಡಿಸಿ ಸೇರಿಸಿದ ಭಾಗ. ಸೋಮವಾರ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬರ್ನಡೀನಳ ಮನೆಗೆ ಹೋದೆ. ಅವಳು ಅಡುಗೆಮನೆಯಲ್ಲಿ ಸೇಬು ಹೆಚ್ಚುತ್ತಿದ್ದಳು. ತೋಟಾವನ್ನು ಕೈಯಲ್ಲಿ ಹಿಡಿದು ಅತ್ತಿತ್ತ ತಿರುಗಿಸಿದಳು.

"ಹಾಗಾದ್ರೆ ನಿಜವಾಗ್ಲೂ ನೀನೇ ಹೊಡೆದದ್ದಾ?"

"ಹೌದು ಬರ್ನಡೀನ್."

"ಕಣ್ಣು ಬಿಟ್ಕೊಂಡು ಹೊಡೆದ್ಯಾ?"

"ಇಲ್ಲ."

"ಗುರಿ ಇಟ್ಟಿದ್ದು ಹುಂಜಕ್ಕಾ?"

"ಇಲ್ಲ, ಆಕಾಶಕ್ಕೆ."

"ಮತ್ತೆ ನೀನು ಹೊಡೆದೆ ಅಂತ ಹೇಗೆ ಹೇಳ್ತೀಯ?"

ನಾನು ತೋಟಾ ಸುತ್ತಿ ತಂದಿದ್ದ ಬಟ್ಟೆಯನ್ನು ಮಡಚಿ ಜೇಬಿಗಿಟ್ಟೆ.

"ಈಗಲೇ ಹೊಲಕ್ಕೆ ಹೋಗಿ ಹೊಡೆದು ಬರೋಣ" ಎಂದೆ. ಬರ್ನಡೀನ್ ಬೇಡವೆಂದು ತಲೆಯಾಡಿಸಿದಳು. ಕಿಟಕಿಯ ಕಟ್ಟೆಯ ಮೇಲಿದ್ದ ಹೂವಿನ ಕುಂಡವನ್ನು ಸರಿಸಿ, ಆ ಜಾಗದಲ್ಲಿ ತೋಟಾವನ್ನು ನೆಟ್ಟಗೆ ನಿಲ್ಲಿಸಿದಳು.

"ಮದ್ವೆ ಆದಾಗಿಂದ ಒಂದು ಅಕ್ಟೋಬರಲ್ಲೂ ಮನೇಲಿ ಕೂತವನಲ್ಲ. ಇಷ್ಟಾದ್ರೂ ನನ್ನ ಹತ್ರ ಇರ್ಲಿ."

ಕಣ್ಣು ತುಂಬಿ ಬರುವಂಥ ಮಾತು. ಬೇರೆ ಯಾರಾದರೂ ಆಗಿದ್ದರೆ ಸುಮ್ಮನೆ ನಿಂತಿರುತ್ತಿದ್ದರು. ನಾನು, "ಅಲ್ಲಿ ಬಿಸಿಲು ಬೀಳುತ್ತೆ. ಒಲೇನೂ ಹತ್ತಿರ ಇದೆ. ಒಳಗಿರೋದು ಸಿಡಿಯೋ ಮದ್ದು" ಎಂದೆ.

ಅವಳು ಚಾಕು ಕೆಳಗಿಟ್ಟು ನನ್ನನ್ನೇ ನೋಡಿದಳು. "ಎಲ್ರಾಯ್ ಹೇಳ್ತಿದ್ದದ್ದು ಒಂದೂ ಸುಳ್ಳಲ್ಲ" ಎಂದಳು. ಆದರೂ ತೋಟಾ ತೆಗೆದು ಕೊಟ್ಟಳು. ಮನೆಗೆ ತಂದು ಬಿಚ್ಚಿ, ಮದ್ದನ್ನೂ ಕೇಪನ್ನೂ ತೆಗೆದು, ಬೂದಿಯನ್ನಷ್ಟೇ ಮತ್ತೆ ತುಂಬಿ, ಟಾರ್ಚ್ ಬಿಟ್ಟು ಒಳಗೆ ನೋಡಿ, ಕೆಂಪು ಮೇಣ ಹಾಕಿ ವಾಪಸು ಕೊಟ್ಟು ಬಂದೆ. ಈಗ ಅದು ಕಿಟಕಿಯಲ್ಲಿ ಹೊಳೆಯುತ್ತ ನಿಂತಿದೆ. ಹಿತ್ತಾಳೆ ಮಂಕಾದಾಗ ತಿಕ್ಕಿಕೊಡಲು ನನ್ನನ್ನೇ ಕರೆಯುತ್ತಾಳೆ.

ಕೆಫೆಯಲ್ಲಿ ಆ ಕಥೆ ಈಗಲೂ ನಡೆಯುತ್ತದೆ. ಹೊರಗಿನಿಂದ ಬಂದವರಿಗೆಲ್ಲ ಹೇಳುತ್ತಾರೆ. ವರ್ಷದಿಂದ ವರ್ಷಕ್ಕೆ ಹುಂಜದ ಬಾಲ ಬೆಳೆಯುತ್ತಿದೆ. ಮೊದಲೆಲ್ಲ ನಾನು ತಿದ್ದಲು ಬಾಯಿ ತೆರೆಯುತ್ತಿದ್ದೆ, ಈಗ ಕಾಫಿ ಕುಡಿಯುತ್ತೇನೆ. ಗೇಲಿ ಮತ್ತೆ ಶುರುವಾಗಿದೆ. ಅಣ್ಣನ ಕುರ್ಚಿಯಲ್ಲಿ ಕುಳಿತು ಹಾರ್ಲನ್ ಅದನ್ನು ಮುಂದುವರಿಸಿಕೊಂಡು ಹೋಗುತ್ತಿದ್ದಾನೆ. ಹೋದ ಸೀಸನ್ನಿನಲ್ಲಿ ನಾನು ಹುಂಜಗಳಿಗೆ ಮಾಮೂಲಿನಂತೆ ಹೊಡೆದೆ. ಅವು ಮಾಮೂಲಿನಂತೆ ಹಾರಿಹೋದವು. ಅಂದು ಗಾಳಿ ಬಹಳ ಇತ್ತು.

ಮೊನ್ನೆ ಹಾರ್ಲನ್ ಖಾಲಿ ತೋಟಾಗಳ ಪೆಟ್ಟಿಗೆ ಹೊತ್ತು ನಮ್ಮ ಮೆಟ್ಟಿಲಿಳಿದು ಬಂದ. ಪೆಟ್ಟಿಗೆಯನ್ನು ಕೆಳಗಿಟ್ಟು ಕುಳಿತ.

"ಆರ್ವಿಡ್, ನಾನು ಹೋದ್ಮೇಲೆ ನನ್ನನ್ನೂ ಹಾಗೇ ತುಂಬ್ತೀಯಾ?"

"ತುಂಬ್ತೀನಿ. ಹೊಡೆಯೋದು ಯಾರು?"

"ನೀನೇ ಹೊಡಿ."

"ನಾನಾ? ಪಕ್ಕದೂರಲ್ಲಿ ಬೀಳ್ತೀಯ ಮತ್ತೆ."

"ಬಿದ್ರೆ ಬೀಳ್ತೀನಿ" ಎಂದ ಹಾರ್ಲನ್. "ಆ ಊರನ್ನೂ ಒಂದ್ಸಲ ನೋಡ್ಬೇಕು ಅಂತಿತ್ತು ನಂಗೆ."

ಅದು ಹೊಗಳಿಕೆಯೋ ಬೈಗುಳವೋ ತಿಳಿಯಲಿಲ್ಲ. ಕೇಳಲೂ ಇಲ್ಲ. ಅವನ ಪೆಟ್ಟಿಗೆ ಎಳೆದುಕೊಂಡು ಖಾಲಿ ತೋಟಾಗಳನ್ನು ಒಂದೊಂದಾಗಿ ಒರೆಸತೊಡಗಿದೆ. ಮೇಲಿಂದ ಮಾರ್ಡೆಲ್ ಊಟಕ್ಕೆ ಕೂಗಿದಳು. ತಕ್ಕಡಿ ಇನ್ನೂ ಹೊರಗೆ ತೆಗೆದಿರಲಿಲ್ಲವಾದ್ದರಿಂದ ಅಂದು ಸಾರು ಬಿಸಿಯಿರುವಾಗಲೇ ಹೋದೆವು.